ಅನ್ನದ ಋಣವೂ ಪ್ರಜೆಯ ಮತವೂ

ಉಂಡ ಮನೆಯ ಜಂತೆಯನ್ನು ಎಣಿಸಬಾರದೆಂಬುದು ಕನ್ನಡನಾಡಿನ ಹಳೆಯ ನುಡಿ. ಅನ್ನವಿಕ್ಕಿದವರಲ್ಲಿ ದೋಷವನ್ನು ಅರಸಬಾರದು, ಉಪ್ಪಿನ ಋಣವನ್ನು ಮರೆಯಬಾರದು ಎಂಬುದೇ ಅದರ ತಾತ್ಪರ್ಯ. ಕೃತಜ್ಞತೆಯು ಸದ್ಗುಣಗಳಲ್ಲಿ ಮೊದಲನೆಯದಾದುದರಿಂದ ಈ ನುಡಿಯನ್ನು ಅಲ್ಲಗಳೆಯುವವರು ವಿರಳ. ಆದರೆ ಎಂತಹ ಒಳ್ಳೆಯ ನುಡಿಯಾದರೂ ಸಲ್ಲದ ಎಡೆಯಲ್ಲಿ ಇರಿಸಿದರೆ ಅನ್ಯಾಯಕ್ಕೆ ಊರುಗೋಲಾಗುವುದುಂಟು.

ಬೀದರ ಜಿಲ್ಲೆಯ ಹುಮನಾಬಾದ್ ತಾಲೂಕಿನ ಹುಡಗಿಯಂತಹ ಒಂದು ಊರನ್ನು ತೆಗೆದುಕೊಳ್ಳಬಹುದು. ಚುನಾವಣೆಯ ದಿನ ಶಾಲೆಯ ಅಂಗಳದಲ್ಲಿ ನಿಂತ ಸಾಲಿನಲ್ಲಿ ಹೊಲದ ಒಡೆಯನೂ ಆ ಹೊಲದಲ್ಲಿ ದುಡಿಯುವ ಆಳೂ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ. ಇಬ್ಬರ ಬೆರಳಿಗೂ ಒಂದೇ ಮಸಿ, ಇಬ್ಬರಿಗೂ ಒಂದೊಂದೇ ಮತ. ಐವತ್ತು ಎಕರೆ ಉಳ್ಳವನಿಗೆ ಎರಡು ಮತಗಳಿಲ್ಲ. ಏನೂ ಇಲ್ಲದವನಿಗೆ ಅರ್ಧ ಮತವೆಂಬುದೂ ಇಲ್ಲ. ಇದಕ್ಕಿಂತ ಸಮವಾದ ತಕ್ಕಡಿಯನ್ನು ಈ ನೆಲ ಹಿಂದೆಂದೂ ಕಂಡಿರಲಿಲ್ಲ. ಆದರೆ ಅದರ ಹಿಂದಿನ ರಾತ್ರಿ ಆ ಆಳಿನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು. ವರ್ಷವೆಲ್ಲ ಯಾರ ಜೋಳವನ್ನು ಉಂಡೆನೋ, ಮಗಳ ಮದುವೆಗೆ ಯಾರಿಂದ ಸಾಲ ತಂದೆನೋ, ಅವರು ಒಲ್ಲದವನಿಗೆ ಮತ ಕೊಟ್ಟರೆ ಉಂಡ ಮನೆಗೆ ಎರಡು ಬಗೆದಂತಾಗುವುದಿಲ್ಲವೇ? ಕೆಲಸ ತಪ್ಪೀತೆಂಬ ಭಯವೂ ಇದರಲ್ಲಿ ಬೆರೆತಿರುವುದು ನಿಜ. ಆದರೆ ಭಯವೊಂದೇ ಅಲ್ಲ. ಧರ್ಮಭೀರುವಾದ ಬಡವನಿಗೆ ಕೃತಘ್ನತೆಯ ಪಾಪದ ಅಂಜಿಕೆಯೂ ಅಷ್ಟೇ ದೊಡ್ಡದು. ಅವನ ಈ ಸಂದೇಹಕ್ಕೆ ಶರಣಧರ್ಮದ ಉತ್ತರವೇನೆಂಬುದು ವಿಚಾರಣೀಯವಾದುದು.

ರಾಜ್ಯಾಂಗದ ಕರಡು ಮುಗಿದ ಸಂದರ್ಭದಲ್ಲಿ, 1949ರ ನವೆಂಬರ್ 25ರಂದು, ಡಾಕ್ಟರ್ ಅಂಬೇಡ್ಕರ್ ಅವರು ರಾಜ್ಯಾಂಗ ಸಭೆಯಲ್ಲಿ ಆಡಿದ ಎಚ್ಚರಿಕೆಯ ಮಾತು ಪ್ರಸಿದ್ಧವಾಗಿದೆ. ಬರಲಿರುವ ಜನವರಿ 26ರಿಂದ ಈ ದೇಶವು ವಿರೋಧಾಭಾಸದ ಬದುಕನ್ನು ಪ್ರವೇಶಿಸುವುದು. ರಾಜಕೀಯದಲ್ಲಿ ಸಮಾನತೆಯೂ ಸಾಮಾಜಿಕ, ಆರ್ಥಿಕ ಜೀವನದಲ್ಲಿ ಅಸಮಾನತೆಯೂ ಒಟ್ಟೊಟ್ಟಿಗೆ ಇರುವುವು. ಈ ವೈರುಧ್ಯವನ್ನು ಬೇಗನೆ ನೀಗಿಸದಿದ್ದರೆ ನೊಂದವರು ಪ್ರಜಾಪ್ರಭುತ್ವದ ಕಟ್ಟಡವನ್ನೇ ಸಿಡಿಸಿಯಾರು ಎಂಬುದು ಅವರ ಅಭಿಪ್ರಾಯವಾಗಿತ್ತು. ಬಡವನು ಸಿಡಿದೇಳುವನೆಂಬ ಭಾಗವನ್ನೇ ಜನರು ನೆನಪಿಟ್ಟುಕೊಂಡಿದ್ದಾರೆ. ಆದರೆ ಸಿಡಿದೇಳುವವನಿಗಿಂತ ಸುಮ್ಮನಿರುವವನೇ ಊರೂರಿನಲ್ಲಿ ಹೆಚ್ಚು. ಅವನು ಸುಮ್ಮನಿರುವುದರಿಂದ ಕಟ್ಟಡವೇನೂ ಬೀಳದು. ಹುಳು ತಿಂದ ತೊಲೆಯಂತೆ ಹೊರಗೆ ಗಟ್ಟಿಯಾಗಿ ಕಾಣುತ್ತ ಒಳಗೆ ಟೊಳ್ಳಾಗುವುದು.

ಈ ಸೀಮೆಗೆ ಮತದ ಹಕ್ಕು ಬಂದ ಬಗೆಯನ್ನು ನೆನೆದರೆ ಅದರ ಬೆಲೆ ತಿಳಿಯುವುದು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಭೂಮಿಯ ಸುಮಾರು ನೂರಕ್ಕೆ 30 ಪಾಲು ಜಾಗೀರುಗಳ ಕೈಯಲ್ಲಿಯೂ, ಸುಮಾರು 10 ಪಾಲು ನಿಜಾಮರ ಸ್ವಂತ ಖರ್ಚಿನ ಸರ್ಫೆಖಾಸ್‌ನಲ್ಲಿಯೂ ಇತ್ತು. ಉಳಿದುದು ಮಾತ್ರ ನೇರವಾಗಿ ದಿವಾನಿ ಆಡಳಿತದ್ದು. ಚಿಟಗುಪ್ಪ ಪಾಯಗಾ ಅಮೀರರ ಸೀಮೆ. ಶರಣರ ಕಲ್ಯಾಣವೇ ಒಬ್ಬ ನವಾಬರ ಜಾಗೀರಾಗಿತ್ತು. ಜಾಗೀರಿನ ರೈತನಿಗೆ ಕಂದಾಯವೂ ಒಡೆಯನದೇ, ಅನೇಕ ಕಡೆ ನ್ಯಾಯವೂ ಒಡೆಯನದೇ. ಅದರ ಮೇಲೆ ಬಿಟ್ಟಿ ಬೇಗಾರಿ ಬೇರೆ. 1939ರಲ್ಲಿ ನಿಜಾಮ ಸರಕಾರವು ಒಂದು ಸುಧಾರಣಾ ಯೋಜನೆಯನ್ನು ಸಾರಿತು. ಅದರಲ್ಲಿಯೂ ಪ್ರತಿನಿಧಿಗಳನ್ನು ಪ್ರಜೆಗಳ ತಲೆಯೆಣಿಕೆಯಿಂದ ಆರಿಸುವುದೆಂದಿರಲಿಲ್ಲ. ಜಾಗೀರದಾರರು, ವರ್ತಕರು, ಭೂಮಾಲೀಕರು ಎಂದು ಆರ್ಥಿಕ ಹಿತಗಳಿಗೆ ತಕ್ಕಂತೆ ಸ್ಥಾನಗಳನ್ನು ಹಂಚಲಾಗಿತ್ತು. ಬ್ರಿಟಿಷ್ ಪ್ರಾಂತಗಳು ಮಾತ್ರ ಬಹಳ ಮುಂದಿದ್ದುವೆಂದಲ್ಲ. 1935ರ ಕಾಯಿದೆಯಂತೆ ಅಲ್ಲಿಯೂ ಆಸ್ತಿ, ತೆರಿಗೆ, ವಿದ್ಯೆಗಳ ಅಳತೆಗೆ ಒಳಪಟ್ಟ ಅಲ್ಪಸಂಖ್ಯಾತರಿಗೆ ಮಾತ್ರ ಮತವಿತ್ತು. ಒಟ್ಟಿನಲ್ಲಿ ಉಳ್ಳವನೇ ಪ್ರಜೆ, ಇಲ್ಲದವನು ಜನ.

1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1949ರ ಆಗಸ್ಟ್‌ನಲ್ಲಿ ಜಾಗೀರುಗಳ ರದ್ದಿಯಾಯಿತು. 1950ರಲ್ಲಿ ಗೇಣಿದಾರರ ರಕ್ಷಣೆಗೆ ಹೈದರಾಬಾದ್ ಗೇಣಿ ಮತ್ತು ಕೃಷಿಭೂಮಿ ಕಾಯಿದೆ ಬಂದಿತು. 1951-52ರ ಪ್ರಥಮ ಮಹಾಚುನಾವಣೆಯಲ್ಲಿ ದೇಶದ ಸುಮಾರು 17 ಕೋಟಿ 30 ಲಕ್ಷ ಮತದಾರರೊಡನೆ ಬೀದರದ ಬೇಗಾರಿಯವನೂ ಮತಗಟ್ಟೆಗೆ ನಡೆದನು. ಆಗ ಪ್ರತಿಯೊಬ್ಬ ಅಭ್ಯರ್ಥಿಗೂ ಅವನ ಚಿಹ್ನೆಯಿದ್ದ ಬೇರೆ ಬೇರೆ ಪೆಟ್ಟಿಗೆ. ಓದು ಬರದವನು ಚಿಹ್ನೆಯನ್ನು ನೋಡಿ ಚೀಟಿಯನ್ನು ಹಾಕಿ ಬರುವುದು. ನಾಲ್ಕು ವರ್ಷಗಳ ಹಿಂದೆ ನವಾಬನ ಸವಾರಿಗೆ ಬಿಟ್ಟಿ ಹೊರೆ ಹೊತ್ತವನ ಚೀಟಿಗೂ ಆ ನವಾಬನ ಚೀಟಿಗೂ ಒಂದೇ ತೂಕ. ಸಾವಿರ ವರ್ಷಗಳ ಶ್ರೇಣಿಯನ್ನು ಒಂದು ಚೂರು ಕಾಗದವು ಸಮಮಾಡಿತು ಎನ್ನಬಹುದು. ಪೆಟ್ಟಿಗೆಯ ಒಳಗೆ ಮಾತ್ರ.

ಏಕೆಂದರೆ ಮತವನ್ನು ಹಂಚಿದಂತೆ ಹೊಲವನ್ನು ಹಂಚಲಿಲ್ಲ. ಹೊಟ್ಟೆ ಒಬ್ಬನ ಕೈಯಲ್ಲಿದ್ದಾಗ ಮತ ತನ್ನ ಕೈಯಲ್ಲಿದ್ದು ಫಲವೇನು? ಈ ತೊಡಕು ಈ ದೇಶಕ್ಕೆ ಮಾತ್ರ ಸೇರಿದುದಲ್ಲ. ಇಂಗ್ಲೆಂಡಿನಲ್ಲಿ ಬಹುಕಾಲ ಮತವನ್ನು ಬಾಯಿಬಿಟ್ಟು ಎಲ್ಲರೆದುರು ಹೇಳಬೇಕಾಗಿತ್ತು. 1868ರ ಚುನಾವಣೆಯಲ್ಲಿ ವೇಲ್ಸ್ ಪ್ರಾಂತದ ಹಲವು ಗೇಣಿದಾರರು ಭೂಮಾಲೀಕರ ಇಷ್ಟಕ್ಕೆ ವಿರುದ್ಧವಾಗಿ ಮತ ಹೇಳಿದರು. ಅದಕ್ಕಾಗಿ ಅವರಲ್ಲಿ ಅನೇಕರನ್ನು ಹೊಲಮನೆಗಳಿಂದ ಎಬ್ಬಿಸಿದರು. ಆ ಅನ್ಯಾಯದ ಕೂಗೂ ಒಂದು ಕಾರಣವಾಗಿ 1872ರಲ್ಲಿ ಅಲ್ಲಿ ಗುಪ್ತ ಮತದಾನದ ಕಾಯಿದೆಯಾಯಿತು. ಭಾರತದ ಮತದಾರನಿಗಾದರೋ ಗುಪ್ತ ಮತವು ಮೊದಲ ಮಹಾಚುನಾವಣೆಯಿಂದಲೇ ಉಂಟು. ಆದರೆ ಪರದೆಯು ಕೈಯನ್ನು ಮರೆಮಾಡಬಲ್ಲುದೇ ಹೊರತು ಊರನ್ನು ಮರೆಮಾಡಲಾರದು. ಎಣಿಕೆಯ ಲೆಕ್ಕವು ಮತಗಟ್ಟೆವಾರು ಹೊರಬೀಳುವುದರಿಂದ ಯಾವ ಕೇರಿಯು ಯಾವ ಕಡೆಗೆ ವಾಲಿತೆಂಬುದು ಚಾವಡಿಯಲ್ಲಿ ಕುಳಿತವರಿಗೆ ಮರುದಿನವೇ ತಿಳಿಯುವುದು. ಅಲ್ಲದೆ ಪರದೆಯ ಒಳಗೂ ಮನಸ್ಸೆಂಬುದು ಜೊತೆಗೇ ಬರುವುದಲ್ಲ! ಅನ್ನದ ಋಣವೆಂಬ ಭಾವನೆಯನ್ನು ಹೊರಗೆ ಇಟ್ಟು ಬಾ ಎನ್ನಲು ಯಾವ ಅಧಿಕಾರಿಗೂ ಅಧಿಕಾರವಿಲ್ಲ. ಅದನ್ನು ಬಿಡಿಸಬೇಕಾದುದು ಧರ್ಮವಿಚಾರವೇ.

ಅನ್ನವು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಮೂರು ಬಗೆಯಿಂದ ಹೋಗುವುದು: ಭಿಕ್ಷೆಯಾಗಿ, ಕೂಲಿಯಾಗಿ, ದಾಸೋಹವಾಗಿ. ಭಿಕ್ಷೆಯಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ, ಅಲ್ಲಿ ಋಣವುಂಟು. ಆದುದರಿಂದಲೇ ಶರಣರು ಭಿಕ್ಷೆಯ ಬದುಕನ್ನು ಒಪ್ಪದೆ ಎಲ್ಲರಿಗೂ ಕಾಯಕವನ್ನು ವಿಧಿಸಿದರು. ಗುರುವಾದರೂ ಜಂಗಮನಾದರೂ ಕಾಯಕದಿಂದ ಬಿಡುಗಡೆಯಿಲ್ಲವೆಂಬಷ್ಟು ದೂರ ನುಲಿಯ ಚಂದಯ್ಯನಂತಹವರು ಈ ತತ್ತ್ವವನ್ನು ಒಯ್ದರು. ಇನ್ನು ಕೂಲಿಯ ವಿಷಯ. ಬಿತ್ತಿದವನು, ಕಳೆ ಕಿತ್ತವಳು, ಕೊಯ್ದವನು, ಕಣದಲ್ಲಿ ರಾಶಿ ಮಾಡಿದವನು ಇವರೆಲ್ಲ ಒಡೆಯನ ಹಗೇವನ್ನು ತುಂಬಿದ ಮೇಲಲ್ಲವೇ ಅದರಿಂದ ಒಂದು ಪಾಲು ಅವರಿಗೆ ಮರಳುವುದು? ಆ ಪಾಲು ಕಾಯಕದ ಫಲ. ಅದು ಕಾಯಕಕ್ಕೆ ಸರಿಸಮನಾಗಿದ್ದರೆ ಯಾರ ಋಣವೂ ಯಾರ ಮೇಲೆಯೂ ಇಲ್ಲ. ಕಡಿಮೆಯಾಗಿದ್ದರೆ ಋಣವುಂಟು, ಆದರೆ ಅದು ಇರುವುದು ಒಡೆಯನ ತಲೆಯ ಮೇಲೆ. ಉಂಡ ಮನೆಯ ಜಂತೆಯ ನುಡಿಯನ್ನು ಕೂಲಿಕಾರನಿಗೆ ಹೇಳುವವರು ಆ ಮನೆಯ ಜಂತೆಯನ್ನು ಹೊತ್ತು ತಂದವರು ಯಾರೆಂಬುದನ್ನೂ ಒಮ್ಮೆ ವಿಚಾರಿಸಬೇಕಾಗಿದೆ.

ಮೂರನೆಯದು ದಾಸೋಹ. ಇಲ್ಲಿ ಸಂಬಂಧವು ಪೂರ್ಣವಾಗಿ ತಿರುಗಿದೆ. ದಾಸೋಹಂ ಎಂದರೆ ದಾಸನು ನಾನು ಎಂದರ್ಥ. ನೀಡುವವನೇ ದಾಸ, ಸ್ವೀಕರಿಸುವವನು ಒಡೆಯ. ಬಂದ ಜಂಗಮನು ಸ್ವೀಕರಿಸಿದನೆಂಬುದೇ ನೀಡಿದವನ ಭಾಗ್ಯ. ಹಾಗಿರುವಾಗ ಮರುಪಾವತಿಯ ಮಾತು ಎಲ್ಲಿಂದ ಬಂದಿತು? ನೀಡಿ, ನೀಡಿದೆನೆಂದು ನೆನೆದವನ ದಾಸೋಹವು ಆ ಕ್ಷಣವೇ ದಾನವಾಗಿ ಇಳಿಯುವುದು. ತನ್ನಂತೆ ನೀಡುವವರಿಲ್ಲವೆಂಬ ಭಾವದ ಒಂದು ಎಳೆ ಬಸವಣ್ಣನವರ ಮನಸ್ಸಿನಲ್ಲಿಯೂ ಸುಳಿದಾಗ ಮಡಿವಾಳ ಮಾಚಯ್ಯನು ಅದನ್ನು ಹರಿದನೆಂಬ ಕಥೆಯು ಬಸವಪುರಾಣದ ಪರಂಪರೆಯಲ್ಲಿ ಬಂದಿದೆ. ಬಟ್ಟೆಯೊಗೆಯುವವನು ಬಿಜ್ಜಳನ ಭಂಡಾರಿಯನ್ನು ತಿದ್ದಿದನು. ಭಂಡಾರಿಯು ತಲೆಬಾಗಿ ತಿದ್ದಿಕೊಂಡನು. ಹೀಗೆ ಭಿಕ್ಷೆಯನ್ನು ಬಿಟ್ಟು ಉಳಿದ ಎರಡು ದಾರಿಗಳಲ್ಲಿ ಬಂದ ಅನ್ನವು ಉಂಡವನನ್ನು ಕಟ್ಟಿಹಾಕುವುದಿಲ್ಲ. ಆ ಆಳಿನ ಸಂದೇಹಕ್ಕೆ ಶಾಸ್ತ್ರದ ಉತ್ತರ ಇಷ್ಟೇ: ದುಡಿದು ಉಂಡವನು ತನ್ನ ಮತವನ್ನು ಯಾರಿಗೂ ತೀರಿಸಬೇಕಾಗಿಲ್ಲ.

ಶಾಸ್ತ್ರದ ಉತ್ತರವಾಯಿತು, ಬದುಕಿನ ಉತ್ತರವು ಅಷ್ಟು ಸುಲಭವಲ್ಲ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆಯನ್ನು ಎಲ್ಲ ಭಕ್ತರೂ ಬಲ್ಲರು. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳಿಗೆ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದೇ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಅವರ ಬಡತನವನ್ನು ಕಂಡು ಬಸವಣ್ಣನವರೇ ಹೆಚ್ಚಾಗಿ ಚೆಲ್ಲಿಸಿದ್ದರೆಂದು ಹೇಳುತ್ತಾರೆ. ಲಕ್ಕಮ್ಮನು ಅದನ್ನು ಒಲೆಯ ಬಳಿಗೆ ತರಗೊಡಲಿಲ್ಲ. ದಿನದ ಅಳತೆಯನ್ನು ಮೀರಿದುದು ತಮಗೆ ಸಲ್ಲದು, ತಂದಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ಮರಳಿ ಕಳುಹಿಸಿದಳು. ಈ ಪ್ರಸಂಗವನ್ನು ನಿರಾಶೆಗೂ ಮಿತಭೋಗಕ್ಕೂ ದೃಷ್ಟಾಂತವೆಂದು ವಿವರಿಸುವುದು ವಾಡಿಕೆ. ಅದು ಸರಿಯೇ. ಆದರೆ ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚೆಲ್ಲಿದವರು ಯಾರೋ ಲೋಭಿಯಲ್ಲ, ದುರುದ್ದೇಶವುಳ್ಳವರಲ್ಲ, ಸ್ವತಃ ಬಸವಣ್ಣನವರು. ಕೊಟ್ಟುದು ಕರುಣೆಯಿಂದ. ಆದರೂ ಲಕ್ಕಮ್ಮನು ಒಲ್ಲೆನೆಂದಳು. ಕಾಯಕವಿಲ್ಲದೆ ಬಂದ ಹೆಚ್ಚಿನ ಹಿಡಿ ಅಕ್ಕಿಯು ಎಂತಹ ಮಹಾತ್ಮರ ಅಂಗಳದಿಂದ ಬಂದರೂ ಉಂಡವರ ಬೆನ್ನನ್ನು ಒಂದಿಷ್ಟು ಬಾಗಿಸುವುದೆಂಬುದನ್ನು ಅವಳು ಅರಿತಿದ್ದಳು.

ಮಹಾಮನೆಗೆ ಒಲ್ಲೆನೆಂದು ಹೇಳುವ ಈ ಶಕ್ತಿ ಅವಳಿಗೆ ಎಲ್ಲಿಂದ ಬಂದಿತು? ನಾಳೆಯ ಅಕ್ಕಿಗೆ ತನ್ನ ಕಾಯಕವಿದೆಯೆಂಬ ಭರವಸೆಯಿಂದಲೇ ಬಂದಿತೆಂದು ಹೇಳಬೇಕು. ಅನುಭವ ಮಂಟಪದ ಸಮಾನತೆಯ ಗುಟ್ಟೂ ಇದೇ ಆಗಿರಬೇಕು. ಅಂಬಿಗರ ಚೌಡಯ್ಯನಿಗೆ ದೋಣಿಯಿತ್ತು, ಮೇದಾರ ಕೇತಯ್ಯನಿಗೆ ಬಿದಿರಿತ್ತು, ಮೋಳಿಗೆಯ ಮಾರಯ್ಯನಿಗೆ ಸೌದೆಯ ಹೊರೆಯಿತ್ತು, ಚಂದಯ್ಯನಿಗೆ ಹಗ್ಗವಿತ್ತು. ಅವರಲ್ಲಿ ಯಾರೂ ಬಸವಣ್ಣನವರ ಸಂಬಳದ ಆಳುಗಳಲ್ಲ. ಆದುದರಿಂದ ಅಲ್ಲಮಪ್ರಭುಗಳ ಎದುರಿನಲ್ಲಿಯೂ ತಮ್ಮ ಅನುಭಾವವನ್ನು ನೆಟ್ಟಗೆ ನಿಂತು ಆಡಿದರು. ಮಾತಿನ ಸಮಾನತೆಗೆ ಕಾಯಕದ ಸ್ವಾತಂತ್ರ್ಯವು ಅಡಿಗಲ್ಲಾಗಿತ್ತು.

ಇತ್ತೀಚೆಗೆ ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತೆಂದು ಕರೆಯುವುದು ರೂಢಿಯಾಗಿದೆ. ಬಸವಕಲ್ಯಾಣದಲ್ಲಿ ನೂತನ ಮಂಟಪದ ಕಟ್ಟಡಕ್ಕೆ 2021ರ ಜನವರಿ 6ರಂದು ಅಡಿಗಲ್ಲನ್ನಿಟ್ಟಾಗಲೂ ಈ ಮಾತು ಬಹಳವಾಗಿ ಕೇಳಿಬಂದಿತು. ಅಭಿಮಾನದ ಮಾತಿಗೆ ಅಡ್ಡಿಯೇನೂ ಇಲ್ಲ. ಆದರೆ ಅಭಿಮಾನವು ವಿಚಾರವನ್ನು ನುಂಗಬಾರದು. ಮಂಟಪದ ಸಂವಾದಗಳು ವಿಸ್ತಾರವಾಗಿ ದೊರೆಯುವುದು ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯಲ್ಲಿ. ಅಲ್ಲಿ ಮತದೆಣಿಕೆ ಇರಲಿಲ್ಲ, ಕಂದಾಯ ನಿರ್ಣಯವಿರಲಿಲ್ಲ, ಆಜ್ಞೆ ಹೊರಡಿಸುವ ಅಧಿಕಾರವೂ ಇರಲಿಲ್ಲ. ಆ ಅಧಿಕಾರವೆಲ್ಲ ಮಂಟಪದ ಹೊರಗೆ, ಬಿಜ್ಜಳನ ಅರಮನೆಯಲ್ಲಿತ್ತು. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದಾಗ ಆ ಅರಮನೆಯು ಏನು ಮಾಡಿತೆಂಬುದು ಎಲ್ಲರಿಗೂ ತಿಳಿದ ದುರಂತ. ಕಲ್ಯಾಣದ ಶರಣರಿಗೆ ಸಮಾನತೆಯ ಬೇರು ಇತ್ತು, ರಾಜ್ಯಾಧಿಕಾರದ ಬೇಲಿ ಇರಲಿಲ್ಲ, ಬೆಳೆಯು ಹಾಳಾಯಿತು. ಇಂದಿನ ಪ್ರಜೆಗಾದರೋ ಬೇಲಿಯಿದೆ. ರಾಜ್ಯಾಂಗವಿದೆ, ಮತವಿದೆ, ನ್ಯಾಯಾಲಯವಿದೆ. ಬೇರಿನ ಮಾತೇ ಉಳಿದಿರುವುದು.

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. ಸಿರಿತನ ಬಡತನಗಳು ಅವರವರ ಕರ್ಮದಿಂದ ಬಂದುವು. ಸಿರಿವಂತನು ದಾಸೋಹ ಮಾಡಿದರೆ ಸಾಕು. ಕಾಯಿದೆಯಿಂದ ಸಮಮಾಡುವುದು ಬಲಾತ್ಕಾರ. ಮನಃಪೂರ್ವಕವಲ್ಲದುದರಲ್ಲಿ ಧರ್ಮವಿಲ್ಲ ಎಂದು ಹೇಳುವ ಸಜ್ಜನರುಂಟು. ಕರ್ಮವಾದಕ್ಕೆ ಹೆಚ್ಚಿನ ಉತ್ತರ ಬೇಕಿಲ್ಲ. ಹುಟ್ಟಿನಿಂದ ಬಂದ ಮೇಲುಕೀಳನ್ನು ಒಪ್ಪದ ಶರಣರ ಹೆಸರಿನಲ್ಲಿ ಹುಟ್ಟಿನಿಂದ ಬಂದ ಹೊಲವನ್ನೂ ಹುಟ್ಟಿನಿಂದ ಬಂದ ಸಾಲವನ್ನೂ ಸಮರ್ಥಿಸಲಾಗದು. ಎರಡನೆಯ ಮಾತಿನಲ್ಲಿ ಸತ್ಯದ ಅಂಶವಿದೆ. ಇದೇ ಹೈದರಾಬಾದ್ ಸಂಸ್ಥಾನದ ನಲ್ಗೊಂಡ ಜಿಲ್ಲೆಯ ಪೋಚಂಪಲ್ಲಿಯಲ್ಲಿ 1951ರ ಏಪ್ರಿಲ್ 18ರಂದು ಹರಿಜನರು ವಿನೋಬಾಜಿಯವರೆದುರು 80 ಎಕರೆ ಭೂಮಿಯನ್ನು ಬೇಡಿದಾಗ ರಾಮಚಂದ್ರ ರೆಡ್ಡಿಯವರೆಂಬ ಭೂಮಾಲೀಕರು 100 ಎಕರೆಯನ್ನು ಕೊಟ್ಟುದು ಉದಾತ್ತವಾದ ಕಾರ್ಯ. ಭೂದಾನ ಚಳವಳಿಯು ಅಲ್ಲಿಂದಲೇ ಹುಟ್ಟಿತು. ಆದರೆ ಎಷ್ಟು ಊರುಗಳಿಗೆ ಅಂತಹ ಮಾಲೀಕರು ದೊರೆತಾರು? ದೊರೆತರೂ ಕೊಟ್ಟವನ ಹೆಸರು ಹೊಲದ ಮೇಲೆ ನಿಲ್ಲುವುದು. ಉಳುವವನು ಪ್ರತಿವರ್ಷವೂ ಆ ಹೆಸರಿಗೆ ಕೈಮುಗಿಯಬೇಕಾಗುವುದು.

ಕಾಯಿದೆಯ ಗುಣವು ಇಲ್ಲಿಯೇ ಇದೆ. ಅದು ಕೈಮುಗಿಸುವುದಿಲ್ಲ. 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಬಲಗೊಂಡಿತು. ದೇವರಾಜ ಅರಸರ ಕಾಲದಲ್ಲಿ ಭೂನ್ಯಾಯ ಮಂಡಲಿಗಳು ಗೇಣಿದಾರರ ಅರ್ಜಿಗಳನ್ನು ವಿಚಾರಿಸಿದುವು. ಗೇಣಿ ಪದ್ಧತಿಯು ದಟ್ಟವಾಗಿದ್ದ ಕರಾವಳಿ ಮಲೆನಾಡುಗಳಲ್ಲಿ ಫಲವು ಹೆಚ್ಚು ಕಂಡಿತು. ಒಣಬೇಸಾಯದ ಬೀದರ, ಕಲಬುರಗಿಗಳಲ್ಲಿ ಕೂಲಿಕಾರನು ಗೇಣಿದಾರನೂ ಆಗಿರದೆ ಬರಿಯ ಆಳಾಗಿದ್ದುದರಿಂದ ಉಳುವವನೇ ಒಡೆಯನೆಂಬ ಘೋಷಣೆಯು ಅವನ ಹೊಸ್ತಿಲವರೆಗೆ ಬಂದು ನಿಂತಿತು. ಆದರೂ ಆ ಕಾಯಿದೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ವಿಧಿಯಿದೆ: ಒಡೆಯನ ಭೂಮಿಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೃಷಿ ಕಾರ್ಮಿಕನಿಗೆ ಆ ಮನೆಯ ಜಾಗದ ಹಕ್ಕನ್ನು ಅದು ಕೊಟ್ಟಿತು. ಹೊಲದ ಮುಂದೆ ಇದು ಅಲ್ಪವೆಂದು ತೋರಬಹುದು. ಆದರೆ ಎದುರು ನುಡಿದರೆ ರಾತ್ರಿಯೇ ಎಬ್ಬಿಸಿಯಾರೆಂಬ ಭಯವಿದ್ದವನಿಗೆ ನಾಲ್ಕು ಗೋಡೆಗಳು ತನ್ನವಾದುದು ಸಣ್ಣ ಮಾತಲ್ಲ. 1976ರಲ್ಲಿ ಬಂದ ಋಣಪರಿಹಾರ ಕಾಯಿದೆಯೂ ಅದೇ ವರ್ಷದ ಜೀತ ನಿರ್ಮೂಲನ ಕಾಯಿದೆಯೂ ಮಾಡಿದುದು ಇದೇ ಕೆಲಸವನ್ನು. ಬಡವನಿಗೆ ಅವು ಸಂಪತ್ತನ್ನು ತಂದುಕೊಡಲಿಲ್ಲ. ಅವನ ಕೊರಳಿನ ಹಗ್ಗದ ಕೆಲವು ಎಳೆಗಳನ್ನು ಕತ್ತರಿಸಿದುವು. ಎಲ್ಲರ ಸಂಪತ್ತೂ ಸಮನಾಗಬೇಕೆಂದು ಪ್ರಜಾಪ್ರಭುತ್ವವು ಕೇಳುವುದಿಲ್ಲ. ಒಬ್ಬನ ಸಂಪತ್ತು ಇನ್ನೊಬ್ಬನ ಬಾಯಿಯ ಮೇಲೆ ಕೈಯಿಡಬಾರದೆಂದು ಮಾತ್ರ ಕೇಳುವುದು. 2020ರ ತಿದ್ದುಪಡಿಯು ಕೃಷಿಕರಲ್ಲದವರೂ ಹೊಲವನ್ನು ಕೊಳ್ಳಬಹುದೆಂದು ಹಳೆಯ ತಡೆಗಳನ್ನು ತೆಗೆದುಹಾಕಿತು. ಅದರ ಫಲಾಫಲವನ್ನೂ ಈ ಒಂದು ಅಳತೆಗೋಲಿನಿಂದಲೇ ನೋಡುವುದು ಉಚಿತ.

ಹಗ್ಗವನ್ನು ಮತ್ತೆ ಹೊಸೆಯುವ ಕೈಗಳೂ ಸುಮ್ಮನಿಲ್ಲ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿಗಳ ಚುನಾವಣೆ ನಡೆದಾಗ ಬಳ್ಳಾರಿ, ಕಲಬುರಗಿ ಜಿಲ್ಲೆಗಳ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಕೂಗಿದ ಸಂಗತಿಯು ಪತ್ರಿಕೆಗಳಲ್ಲಿ ಬಂದಿತು. ಲಕ್ಷಗಟ್ಟಲೆ ಕೂಗಿದವನಿಗೆ ಸ್ಥಾನ. ಉಳಿದವರು ನಾಮಪತ್ರ ಹಾಕಬಾರದು. ಹಣವು ಗುಡಿಯ ಕಟ್ಟಡಕ್ಕೋ ಊರಿನ ಕೆಲಸಕ್ಕೋ ಸಲ್ಲತಕ್ಕದ್ದು. ಇಂತಹ ಏರ್ಪಾಟಿನ ವಿಶೇಷವೆಂದರೆ ಇದರಲ್ಲಿ ಯಾರಿಗೂ ಪಾಪದ ಭಾವನೆಯಿರುವುದಿಲ್ಲ. ಜಗಳವಿಲ್ಲದೆ ಅವಿರೋಧ ಆಯ್ಕೆಯಾಯಿತು, ದೇವರ ಕಾರ್ಯವೂ ಆಯಿತು ಎಂದು ಹಿರಿಯರು ಸಂತೋಷಪಡುವರು. ಆದರೆ ಅಲ್ಲಿ ಮಾರಾಟವಾದುದು ಯಾರ ವಸ್ತು? ಹರಾಜಿನಲ್ಲಿ ಕೂಗಲು ಬಾಯಿಲ್ಲದ ಬಡವನದು. ದೇವರ ಹೆಸರಿನ ದಾನವು ಬಡವನ ಮತವನ್ನು ಅವನೆದುರಿಗೇ ಕೊಂಡುಕೊಂಡಿತು. ಮಹಾಮನೆಯ ಅಂಗಳದ ಹೆಚ್ಚಿನ ಅಕ್ಕಿಯನ್ನೇ ಒಲ್ಲೆನೆಂದ ಪರಂಪರೆಯವರು ಇಂತಹ ಹಣದಿಂದ ಏರಿದ ಶಿಖರವನ್ನು ನೋಡಿ ಏನೆನ್ನುವರೋ!

ಮೇಲಿನ ಸಭೆಗಳಲ್ಲಿ ಹರಾಜು ಕೂಗುವುದಿಲ್ಲ, ಅಗತ್ಯವೂ ಇಲ್ಲ. 2023ರ ಕರ್ನಾಟಕ ವಿಧಾನಸಭೆಗೆ ಗೆದ್ದವರಲ್ಲಿ ಪ್ರಮಾಣಪತ್ರಗಳನ್ನು ಪರಿಶೀಲಿಸಲಾದ 223 ಮಂದಿಯ ಪೈಕಿ 217 ಮಂದಿ ಕೋಟಿಗೆ ಮೇಲ್ಪಟ್ಟ ಆಸ್ತಿಯುಳ್ಳವರು. ವಿಧಾನಸಭೆಯ ಅಭ್ಯರ್ಥಿಯು ಮಾಡಬಹುದಾದ ವೆಚ್ಚದ ಮಿತಿಯನ್ನು ದೊಡ್ಡ ರಾಜ್ಯಗಳಲ್ಲಿ 2022ರಲ್ಲಿ 40 ಲಕ್ಷ ರೂಪಾಯಿಗೆ ಏರಿಸಲಾಯಿತು. ದಿನಕ್ಕೆ 400 ರೂಪಾಯಿ ಕೂಲಿಯೆಂದು ಇಟ್ಟುಕೊಂಡರೆ ಇದು 10,000 ದಿನಗಳ ದುಡಿಮೆ. ಒಂದು ದಿನವೂ ಬಿಡದೆ, ಒಂದು ರೊಟ್ಟಿಯನ್ನೂ ತಿನ್ನದೆ, 27 ವರ್ಷಗಳ ಕಾಯಕ. ಅದೂ ಕಾನೂನು ಒಪ್ಪಿದ ವೆಚ್ಚ ಮಾತ್ರ. ನಿಜಾಮರ ಕಾಲದ ಯೋಜನೆಯು ಉಳ್ಳವರಿಗೆ ಸ್ಥಾನಗಳನ್ನು ಬರೆದೇ ಕೊಟ್ಟಿತ್ತು. ಈಗ ಯಾರೂ ಬರೆದು ಕೊಡುವುದಿಲ್ಲ.

ಪ್ರಾಂತ ಪ್ರಾಂತಗಳ ನಡುವಿನ ಅಸಮತೆಯದೂ ಇದೇ ಕಥೆ. ಡಾಕ್ಟರ್ ನಂಜುಂಡಪ್ಪ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದುವೆಂದು ಗುರುತಿಸಿದ 39 ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು. 2012ರಲ್ಲಿ ಸಂಸತ್ತು ಒಪ್ಪಿದ ರಾಜ್ಯಾಂಗದ 371ಜೆ ವಿಧಿಯಿಂದ ಈ ಭಾಗದ ಮಕ್ಕಳಿಗೆ ವಿದ್ಯೆ ಉದ್ಯೋಗಗಳಲ್ಲಿ ಮೀಸಲು ದೊರೆತಿರುವುದು ಸತ್ಯ. ಆದರೂ ಸುಗ್ಗಿ ಮುಗಿದರೆ ಹೈದರಾಬಾದು, ಪುಣೆ, ಮುಂಬಯಿಗಳ ಬಸ್ಸು ಹತ್ತುವವರು ಈಗಲೂ ಉಂಟು. ಅಲ್ಲಿ ಕಲ್ಲು ಸಿಮೆಂಟು ಹೊತ್ತು ದುಡಿದವನು ಊರಿನ ಸಾಹುಕಾರನಿಗೆ ಅಂಜಬೇಕಾಗಿಲ್ಲ. ಅವನ ಮತವು ನಿಜವಾಗಿ ಅವನದು. ವಿಧಿಯ ವಿನೋದವೆಂದರೆ ಮತದಾನದ ದಿನ ಅವನು ಊರಿನಲ್ಲಿ ಇರುವುದೇ ಅಪರೂಪ.

ಸರಕಾರದಿಂದ ಬರುವ ಅಕ್ಕಿ, ಮಾಸಾಶನ, ಮನೆಗಳ ವಿಷಯದಲ್ಲಿಯೂ ಅನ್ನದ ಋಣದ ಮಾತು ಬೇರೆ ವೇಷದಲ್ಲಿ ಬರುವುದು. ನಾವು ಕೊಟ್ಟೆವು, ನೀವು ಮರೆಯಬೇಡಿರಿ ಎಂದು ಎಲ್ಲ ಪಕ್ಷದವರೂ ಹೇಳಿಕೊಳ್ಳುತ್ತಾರೆ. ಬಸವಣ್ಣನವರು ಭಂಡಾರಿಗಳಾಗಿದ್ದಾಗ ರಾಜಭಂಡಾರದ ಧನವನ್ನು ದಾಸೋಹಕ್ಕೆ ಸುರಿಯುತ್ತಿದ್ದಾರೆಂದು ಕೊಂಡೆಯರು ಬಿಜ್ಜಳನಿಗೆ ದೂರಿದರು. ಲೆಕ್ಕ ನೋಡಿದಾಗ ಒಂದು ಕಾಸೂ ಕಡಿಮೆಯಿರಲಿಲ್ಲವೆಂಬುದು ಪುರಾಣಪ್ರಸಿದ್ಧ. ಭಂಡಾರವು ಬೇರೆ, ತನ್ನ ಕೈ ಬೇರೆ ಎಂಬ ವಿವೇಕವೇ ಆ ಕಥೆಯ ಜೀವಾಳ. ಭಂಡಾರದಿಂದ ಬಂದುದನ್ನು ತನ್ನ ದಾನವೆಂದು ಹೇಳಿಕೊಳ್ಳುವವನೂ, ಹಾಗೆಂದು ನಂಬಿ ಬಾಗುವವನೂ ಇಬ್ಬರೂ ಆ ವಿವೇಕವನ್ನು ಕಳೆದುಕೊಂಡವರೇ.

ಹಣ ಪಡೆದು ಮತ ಕೊಡುವ ಬಡವನನ್ನು ನಿಂದಿಸುವುದು ಸುಲಭ. ತೆಗೆದುಕೊಂಡುದು ತಪ್ಪೇ ಸರಿ. ಮತವು ಭಂಡಾರದಂತೆ ಊರಿನ ಸ್ವತ್ತಾದುದರಿಂದ ಮಾರಲು ಅವನಿಗೆ ಅಧಿಕಾರವಿಲ್ಲ. ಹಾಗೆ ಅಧಿಕಾರವಿಲ್ಲದ ಮಾರಾಟವು ಸಿಂಧುವಲ್ಲವಾದುದರಿಂದ ಕೊಟ್ಟ ಮಾತೂ ಸಿಂಧುವಲ್ಲ. ತೆಗೆದುಕೊಂಡೆನಲ್ಲ, ಇನ್ನು ಮಾತು ತಪ್ಪಿದರೆ ಪಾಪ ಬಂದೀತೆಂದು ಅಂಜುವ ಸರಳಜೀವಿಗೆ ಇದನ್ನು ಬಿಡಿಸಿ ಹೇಳಬೇಕು. ಆದರೆ ಮೊದಲ ನಿಂದೆಯು ಅವನಿಗೆ ಸಲ್ಲದು. ಈ ಸೀಮೆಯ ಹೊಲಗಳುಳ್ಳವರಲ್ಲಿ, ಸಾಲ ಕೊಡುವವರಲ್ಲಿ, ಅಭ್ಯರ್ಥಿಗಳ ಪರವಾಗಿ ಕೇರಿಗೆ ಹೋಗುವವರಲ್ಲಿ ಕೊರಳಿನಲ್ಲಿ ಲಿಂಗವುಳ್ಳವರು ಕಡಿಮೆಯಿಲ್ಲ. ಸ್ವಂತ ಮನೆಯೊಳಗಿನ ಮಾತೂ ಇದೆ. ಗೃಹಸ್ಥನು ತಂದು ಹಾಕಿದ ಅನ್ನವನ್ನು ಉಂಡ ಹೆಂಡತಿಯು ಅವನು ಹೇಳಿದ ಗುರುತಿಗೇ ಮತ ಹಾಕಬೇಕೆಂಬುದು ಅನೇಕ ಮನೆಗಳಲ್ಲಿ ಹೇಳದೆಯೇ ನಡೆದು ಬಂದಿರುವ ಕಟ್ಟಳೆ. ಪಂಚಾಯಿತಿಯ ಅರ್ಧ ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟ ಮೇಲೂ ಗಂಡನೇ ಸಭೆಗೆ ಹೋಗಿ ಕುಳಿತುಕೊಳ್ಳುವ ನೋಟವು ಅಳಿದಿಲ್ಲ. ಅಡಿಗೆ ಮಾಡಿದವಳಿಗೇ ಅನ್ನದ ಋಣವನ್ನು ಹೊರಿಸುವ ಈ ಲೆಕ್ಕವನ್ನು ಲಕ್ಕಮ್ಮನ ಎದುರಿನಲ್ಲಿ ಓದಿ ಹೇಳಲು ಯಾರಿಗೆ ಧೈರ್ಯ ಬಂದೀತು?

ಗೃಹಸ್ಥಭಕ್ತನು ದೇಶದ ಅಸಮಾನತೆಯನ್ನೆಲ್ಲ ತಿದ್ದಲಾರನು. ತನ್ನ ಅಂಗಳದಲ್ಲಿ ಹೊಸೆಯುವ ಹಗ್ಗವನ್ನಾದರೂ ಅವನು ನೋಡಿಕೊಳ್ಳಬಲ್ಲನು. ಕರ್ನಾಟಕದಲ್ಲಿ 2008, 2013, 2018, 2023ರ ವಿಧಾನಸಭಾ ಚುನಾವಣೆಗಳು ಮೇ ತಿಂಗಳಿನಲ್ಲಿಯೇ ನಡೆದುವು. 2024ರ ಲೋಕಸಭೆಗೆ ಬೀದರವು ಮತ ಹಾಕಿದುದೂ ಮೇ 7ರಂದು. ಒಕ್ಕಲುತನ ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿನ ಬಾಗಿಲು ಅದು. ಹೆಸರು, ಉದ್ದು, ತೊಗರಿ, ಸೋಯಾಗಳ ಬೀಜಕ್ಕೂ ಗೊಬ್ಬರಕ್ಕೂ ಸಣ್ಣ ಹಿಡುವಳಿದಾರನು ಸಾಲ ಕೇಳಲು ಬರುವ ಹೊತ್ತೂ ಅದೇ. ಆಳು ವರ್ಷದ ಮುಂಗಡವನ್ನು ಕೇಳುವ ಹೊತ್ತೂ ಅದೇ. ಕೊಡುವವನ ಮಾತಿಗೆ ವರ್ಷದಲ್ಲಿ ಎಂದೂ ಇಲ್ಲದ ತೂಕ ಆ ತಿಂಗಳಿನಲ್ಲಿ ಬರುವುದು. ಬೀಜದ ಚೀಲವನ್ನು ಅಳೆದು ಕೊಟ್ಟು, ವಹಿಯಲ್ಲಿ ಮೊತ್ತವನ್ನಷ್ಟೇ ಬರೆದು, ಕಟ್ಟೆಯ ಮೇಲೆ ಯಾವ ಅಭ್ಯರ್ಥಿಯ ಹೆಸರನ್ನೂ ಎತ್ತದೆ ಸಾಲಗಾರನನ್ನು ಕಳುಹಿಸಿಕೊಡುವುದು ಹೊರಗಿನವರ ಕಣ್ಣಿಗೆ ಕಾಣುವ ದಾಸೋಹವಲ್ಲ. ಮತದಾನದ ದಿನದ ಕೂಲಿಯನ್ನು ಕಳೆಯದೆ ಆಳಿನ ಕೈಗಿಟ್ಟು, ಅವನು ಹೋಗಿ ಬಂದ ಮೇಲೆ ಯಾರಿಗೆ ಹಾಕಿದೆಯೆಂದು ಕೇಳದೆ ಮರುದಿನ ಮುಂಜಾನೆ ಎಂದಿನಂತೆ ಅವನೊಡನೆ ಹೊಲಕ್ಕೆ ನಡೆಯುವುದೂ ಅಂತಹುದೇ.